ಜಗಳದ ನಡುವೆ ಮೊದಲು ಮೈಗೆ ಸಮಾಧಾನ: ದಂಪತಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ದೇಹದ ಮೂಲಕ ನರಮಂಡಲವನ್ನು ಹದಕ್ಕೆ ತರುವ ಅಭ್ಯಾಸಗಳನ್ನು ದಂಪತಿಗಳಿಗೆ ಹೇಳಿಕೊಡುವುದು ನನ್ನ ಕೆಲಸ. ಬರುವವರಲ್ಲಿ ಹೆಚ್ಚಿನವರಿಗೆ ಪರಸ್ಪರ ಪ್ರೀತಿ ಇದ್ದೇ ಇದೆ. ಒಂದೇ ಜಗಳವನ್ನು ವರ್ಷಗಟ್ಟಲೆ ಆಡಿ ದಣಿದಿರುತ್ತಾರೆ. ಅವರಿಗೆ ನಾನು ಹೇಳುವ ಮುಖ್ಯ ಸಂಗತಿ ಇಷ್ಟೇ: ಮೈ ಕಾದಾಟಕ್ಕೆ ಸಜ್ಜಾಗಿ ನಿಂತಿರುವಾಗ ಎಷ್ಟೇ ಒಳ್ಳೆಯ ಮಾತಾಡಿದರೂ ಅದು ಒಳಗೆ ಇಳಿಯುವುದಿಲ್ಲ. ಮೊದಲು ಮೈ ತಣಿಯಬೇಕು, ಮಾತು ಆಮೇಲೆ. ಹೀಗೆಂದ ಕೂಡಲೇ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಸೊಮ್ಯಾಟಿಕ್ ಅಭ್ಯಾಸ ಎಂದರೆ ಏನು?

ಮೈಯೊಳಗೆ ಈ ಕ್ಷಣ ಏನಾಗುತ್ತಿದೆ ಎಂಬುದನ್ನು ಗಮನಿಸುತ್ತ, ಉಸಿರು, ಚಲನೆ, ದನಿ, ಸ್ಪರ್ಶಗಳಿಂದ ನರಮಂಡಲದ ಉದ್ವೇಗವನ್ನು ಇಳಿಸುವ ಅಥವಾ ಮರಗಟ್ಟಿದ ಮೈಗೆ ಮತ್ತೆ ಚೇತನ ತರುವ ಅಭ್ಯಾಸ. ಈ ಹೆಸರನ್ನು 1970ರ ದಶಕದಲ್ಲಿ ಬಳಕೆಗೆ ತಂದವರು ಅಮೆರಿಕದ ಥಾಮಸ್ ಹಾನ್ನಾ. ಕೆಲಸ ಅದಕ್ಕಿಂತ ಹಳೆಯದು. ಸ್ನಾಯುಗಳನ್ನು ಒಂದೊಂದಾಗಿ ಬಿಗಿಹಿಡಿದು ಸಡಿಲಿಸುವ ಪದ್ಧತಿಯನ್ನು ವೈದ್ಯ ಎಡ್ಮಂಡ್ ಜೇಕಬ್ಸನ್ 1929ರಲ್ಲೇ ವಿವರವಾಗಿ ಪ್ರಕಟಿಸಿದ್ದರು. ಇಂದಿಗೂ ಆಸ್ಪತ್ರೆಗಳಲ್ಲಿ ಅದನ್ನು ಕಲಿಸುತ್ತಾರೆ. ಆಘಾತದ ನೆನಪು ಮೈಯಲ್ಲಿ ಉಳಿದುಬಿಟ್ಟವರಿಗಾಗಿ ಪೀಟರ್ ಲೆವೀನ್ ರೂಪಿಸಿದ ಪದ್ಧತಿಯೂ ಇದೇ ಬಳಗಕ್ಕೆ ಸೇರುತ್ತದೆ.

ನಮ್ಮಲ್ಲಿ ಯೋಗ, ಪ್ರಾಣಾಯಾಮ ಇವೆಯಲ್ಲ? ಇದು ಬೇರೆ ಏಕೆ ಬೇಕು?

ಯೋಗಾಭ್ಯಾಸ ಇದ್ದವರು ಅದನ್ನು ಖಂಡಿತ ಬಿಡಬಾರದು. ಎರಡರ ನಡುವೆ ಸಮಾನವಾದದ್ದು ಬಹಳ ಇದೆ. ಇಟಲಿಯ ಲುಸಿಯಾನೊ ಬೆರ್ನಾರ್ಡಿ ಅವರ ತಂಡ 2001ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ತುಂಬ ಇಷ್ಟ. ಕ್ರೈಸ್ತರ ಜಪಮಾಲೆ ಪ್ರಾರ್ಥನೆಯನ್ನೂ ಬೌದ್ಧ ಮಂತ್ರವನ್ನೂ ಪಠಿಸುವವರ ಉಸಿರು ತಾನಾಗಿಯೇ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯುತ್ತಿತ್ತು. ಆ ಲಯದಲ್ಲಿ ಹೃದಯ ಬಡಿತದ ಏರಿಳಿತ ಮತ್ತು ರಕ್ತದೊತ್ತಡದ ನಿಯಂತ್ರಣ ಎರಡೂ ಸುಧಾರಿಸುತ್ತಿದ್ದವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಂಕಾರ ಹೇಳುವವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದ ಸಣ್ಣ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಭಾವನೆಗಳಿಗೆ ಸಂಬಂಧಿಸಿದ ಭಾಗಗಳ ಚಟುವಟಿಕೆ ಓಂಕಾರದ ವೇಳೆ ಇಳಿದದ್ದು ಅಲ್ಲಿ ಕಂಡುಬಂತು.

ಆದರೆ ಬೆಳಿಗ್ಗೆ ಚಾಪೆಯ ಮೇಲೆ ಶಾಂತವಾಗಿದ್ದವರೇ ರಾತ್ರಿ ಊಟದ ಮೇಜಿನ ಮುಂದೆ ಸಿಡಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಇಲ್ಲಿ ತಲುಪಬೇಕಾದ ಭಂಗಿ ಎಂಬುದಿಲ್ಲ. ಎದುರಿಗೆ ಇನ್ನೊಬ್ಬರು ಕುಳಿತಿರುವಾಗ, ಅವರ ದನಿ ಏರಿದಾಗ, ನಿಮ್ಮ ಮೈ ಏನು ಮಾಡುತ್ತದೆ ಎಂಬುದೇ ಪಾಠ.

ಜಗಳದ ಹೊತ್ತಿನಲ್ಲಿ ಮೈಯಲ್ಲಿ ಏನಾಗುತ್ತದೆ?

ಅಪಾಯ ಕಂಡಾಗ ದೇಹ ಹೋರಾಡಲು ಇಲ್ಲವೇ ಓಡಲು ಸಿದ್ಧವಾಗುತ್ತದೆ ಎಂಬುದನ್ನು ಹಾರ್ವರ್ಡ್‌ನ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ನೂರು ವರ್ಷಗಳ ಹಿಂದೆಯೇ ವಿವರಿಸಿದರು. ಮೈಯನ್ನು ಹೀಗೆ ಸಜ್ಜುಗೊಳಿಸುವ ಸಿಂಪಥೆಟಿಕ್ ನರಗಳು ಚುರುಕಾಗುತ್ತವೆ, ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ, ದವಡೆ ಬಿಗಿಯುತ್ತದೆ, ಹೊಟ್ಟೆಯಲ್ಲಿ ಸಂಕಟ. ಬೀದಿನಾಯಿ ಅಟ್ಟಿಸಿಕೊಂಡು ಬಂದಾಗಲೂ ‘ನಿಮ್ಮ ಅಮ್ಮನಿಗೆ ಯಾವಾಗಲೂ ನೀವೇ ವಕಾಲತ್ತು’ ಎಂಬ ಮಾತು ಕಿವಿಗೆ ಬಿದ್ದಾಗಲೂ ಮೈಗೆ ಇರುವುದು ಈ ಒಂದೇ ವ್ಯವಸ್ಥೆ. ಆಗ ಯೋಚಿಸಿ, ತೂಗಿ, ಎದುರಿನವರ ಜಾಗದಲ್ಲಿ ನಿಂತು ನೋಡುವ ಶಕ್ತಿ ಕುಂದುತ್ತದೆ. ಹಳೆಯ ಗಾಯಗಳು ಮಾತ್ರ ಥಟ್ಟನೆ ನೆನಪಾಗುತ್ತವೆ.

1980ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಲೆವೆನ್ಸನ್ ಮತ್ತು ಜಾನ್ ಗಾಟ್‌ಮನ್ ದಂಪತಿಗಳಿಗೆ ಹೃದಯ ಬಡಿತ, ಬೆವರು ಅಳೆಯುವ ಉಪಕರಣಗಳನ್ನು ತೊಡಿಸಿ, ಅವರ ಮನೆಯ ಸಮಸ್ಯೆಗಳ ಬಗ್ಗೆಯೇ ಮಾತನಾಡಲು ಬಿಟ್ಟರು. ದಾಂಪತ್ಯದಲ್ಲಿ ಅತೃಪ್ತಿ ಇದ್ದವರಲ್ಲಿ ಒಬ್ಬರ ಉದ್ರೇಕವನ್ನು ಇನ್ನೊಬ್ಬರ ದೇಹ ಹಿಡಿದುಕೊಂಡು ಏರುತ್ತಿತ್ತು. ಬಡಿತ ನಿಮಿಷಕ್ಕೆ 100ನ್ನು ದಾಟಿದ ಮೇಲೆ ಮಾತು ಮುಂದುವರಿಸಿ ಪ್ರಯೋಜನವಿಲ್ಲ, ಕನಿಷ್ಠ 20 ನಿಮಿಷ ಬಿಡುವು ಬೇಕು ಎಂಬುದು ಗಾಟ್‌ಮನ್ ಕೊಡುವ ಸಲಹೆ.

ನಾನು ಮಾತಾಡುತ್ತಲೇ ಇರುತ್ತೇನೆ, ನಮ್ಮ ಯಜಮಾನರು ಗೋಡೆಯ ಹಾಗೆ ಕುಳಿತುಬಿಡುತ್ತಾರೆ. ಅವರಿಗೆ ಏನೂ ಅನ್ನಿಸುವುದೇ ಇಲ್ಲವೇ?

ಅನ್ನಿಸುತ್ತದೆ. ಬಹಳ ಸಲ ಅಗತ್ಯಕ್ಕಿಂತ ಹೆಚ್ಚು ಅನ್ನಿಸುತ್ತದೆ. ಮೇಲೆ ಹೇಳಿದ ಅಧ್ಯಯನಗಳಲ್ಲಿ ಹಾಗೆ ಮಾತು ನಿಲ್ಲಿಸಿ ಕುಳಿತವರಲ್ಲಿ ಹೆಚ್ಚಿನವರು ಗಂಡಸರು, ಮತ್ತು ಆ ನಿಶ್ಚಲ ಮುಖದ ಹಿಂದೆ ಎದೆ ಓಡುತ್ತಿತ್ತು. ಹೊರಗೆ ಕಾಣುವ ಮೌನ ಉದಾಸೀನವೆಂದು ಹೆಂಡತಿಗೆ ಅನ್ನಿಸಿದರೆ ಅವಳ ದನಿ ಏರುತ್ತದೆ. ದನಿ ಏರಿದಷ್ಟೂ ಅವನು ಇನ್ನಷ್ಟು ಒಳಗೆ ಸರಿಯುತ್ತಾನೆ. ಬೆನ್ನಟ್ಟುವವರೂ ಹಿಂದೆ ಸರಿಯುವವರೂ ಗಾಬರಿಯಲ್ಲೇ ಇದ್ದಾರೆ ಎಂಬುದು ಇಬ್ಬರಿಗೂ ಮನವರಿಕೆಯಾದ ದಿನ ಜಗಳದ ಅರ್ಧ ಕಾವು ಇಳಿಯುತ್ತದೆ.

ಗಂಡಂದಿರಿಗೂ ಒಂದು ಮಾತು. ನಿಮ್ಮ ಮೌನ ನಿಮಗೆ ರಕ್ಷಣೆ ಎನ್ನಿಸಬಹುದು, ಎದುರಿಗಿರುವವರಿಗೆ ಅದು ಶಿಕ್ಷೆ. ‘ನನಗೆ ಈಗ ಮಾತು ಹೊರಡುತ್ತಿಲ್ಲ, ಆದರೆ ನಾನು ಇಲ್ಲೇ ಇದ್ದೇನೆ’ ಎಂದು ಹೇಳುವುದನ್ನು ಕಲಿಯಿರಿ.

ಬಿಡುವು ತೆಗೆದುಕೊಳ್ಳುವುದು ಹೇಗೆ? ಎದ್ದು ಹೋದರೆ ಜಗಳ ಇನ್ನೂ ಜೋರಾಗುತ್ತದೆ.

ಮಾತಿಲ್ಲದೆ ಬಾಗಿಲು ಬಡಿದು ಹೋದರೆ ಜೋರಾಗಲೇಬೇಕು. ಬಿಡುವಿಗೆ ಎರಡು ಅಂಗ: ಹೋಗುತ್ತಿರುವುದು ಏಕೆ ಎಂದು ಹೇಳುವುದು, ಮರಳಿ ಬರುವ ಹೊತ್ತನ್ನು ಹೇಳುವುದು. ಹೊತ್ತು ಹೇಳಿದವರೇ ಆ ಹೊತ್ತಿಗೆ ಬಂದು ಕೂರಬೇಕು. ಒಮ್ಮೆ ತಪ್ಪಿಸಿದರೂ ಮುಂದಿನ ಸಲ ಬಿಡುವು ಕೇಳಿದಾಗ ಅದು ನೆಪವಾಗಿಯೇ ಕೇಳಿಸುತ್ತದೆ.

ನಾನು ಕಂಡ ಒಂದು ಜೋಡಿಯ ಉದಾಹರಣೆ ಕೊಡುತ್ತೇನೆ. ಅಣ್ಣನಿಗೆ ಕೊಟ್ಟ ಸಾಲದ ಮಾತು ಬಂದಾಗಲೆಲ್ಲ ಗಂಡ ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜತೊಡಗುತ್ತಿದ್ದರು. ಅವರಿಗೆ ಅದು ಗೊತ್ತೇ ಇರಲಿಲ್ಲ, ಹೆಂಡತಿಗೆ ಗೊತ್ತಿತ್ತು. ಹೆಬ್ಬೆರಳು ಓಡಾಡತೊಡಗಿದ ಸ್ವಲ್ಪ ಹೊತ್ತಿಗೆಲ್ಲ ದನಿ ಏರುತ್ತಿತ್ತು. ಆಕೆಗೆ ಕುತ್ತಿಗೆಯಿಂದ ಕಿವಿಯವರೆಗೆ ಬಿಸಿ ಏರುತ್ತಿತ್ತು. ಈ ಎರಡು ಸಂಗತಿಗಳನ್ನು ಅವರು ತಮ್ಮ ಗುರುತು ಮಾಡಿಕೊಂಡರು. ಯಾವುದು ಮೊದಲು ಕಂಡರೂ ಕಂಡವರು ಹೇಳಬೇಕು. ಆಕೆ ಹೇಳುತ್ತಿದ್ದ ಮಾತು ಹೀಗಿತ್ತು: ‘ರೀ, ನನಗೆ ಕಿವಿ ಬಿಸಿಯಾಗುತ್ತಿದೆ. ಈಗ ಬೇಡ. ಒಂಬತ್ತೂವರೆಗೆ ಇಲ್ಲೇ ಕುಳಿತು ಮಾತನಾಡೋಣ.’ ‘ನೀವು ನನಗೆ ಸಿಟ್ಟು ಬರಿಸುತ್ತಿದ್ದೀರಿ’ ಎಂಬ ಆರೋಪ ಅದರಲ್ಲಿ ಇಲ್ಲವೆಂಬುದನ್ನು ಗಮನಿಸಿ. ತನ್ನ ಮೈಯ ಸುದ್ದಿ ಮಾತ್ರ ಇದೆ, ಅದನ್ನು ಯಾರೂ ಅಲ್ಲಗಳೆಯಲಾರರು.

ಬಿಡುವಿನಲ್ಲಿ ಏನು ಮಾಡುತ್ತೀರಿ ಎಂಬುದೂ ಮುಖ್ಯ. ಮಹಡಿಗೆ ಹೋಗಿ ‘ಅವಳು ಹಾಗಂದಳಲ್ಲ’ ಎಂದು ಮನಸ್ಸಿನಲ್ಲೇ ವಾದ ಮುಂದುವರಿಸಿದರೆ ಅರ್ಧ ಗಂಟೆಯಾದರೂ ಮೈ ತಣಿಯುವುದಿಲ್ಲ. ತಂಗಿಗೆ ಫೋನ್ ಮಾಡಿ ದೂರು ಹೇಳುವುದೂ ಅದೇ. ನಡೆಯಿರಿ, ಪಾತ್ರೆ ತೊಳೆಯಿರಿ, ಗಿಡಕ್ಕೆ ನೀರು ಹಾಕಿ. ದೊಡ್ಡ ಸ್ನಾಯುಗಳಿಗೆ ಕೆಲಸ ಕೊಟ್ಟರೆ ಮೈ ಬೇಗ ತಣಿಯುತ್ತದೆ.

ಯಾವ ಉಸಿರಾಟ ಒಳ್ಳೆಯದು?

ಮೊದಲು ನಿಮ್ಮ ಮೈಯಲ್ಲೇ ನೋಡಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ನಾಡಿ ಹಿಡಿಯಿರಿ. ನಿಧಾನವಾಗಿ ಉಸಿರೆಳೆದುಕೊಳ್ಳಿ: ಬಡಿತಗಳು ಸ್ವಲ್ಪ ಹತ್ತಿರ ಹತ್ತಿರ ಬೀಳುತ್ತವೆ. ಇನ್ನೂ ನಿಧಾನವಾಗಿ ಹೊರಬಿಡಿ: ಅವುಗಳ ನಡುವಿನ ಅಂತರ ಹಿಗ್ಗುತ್ತದೆ. ಹಲವರಿಗೆ ಮೊದಲ ಯತ್ನದಲ್ಲೇ ಇದು ಬೆರಳಿಗೆ ಸಿಗುತ್ತದೆ. ನಿಶ್ವಾಸದ ವೇಳೆ, ಮಿದುಳಿನಿಂದ ಎದೆ, ಹೊಟ್ಟೆಯವರೆಗೆ ಇಳಿಯುವ ವೇಗಸ್ ನರ ಹೃದಯದ ಓಟವನ್ನು ತಗ್ಗಿಸುತ್ತದೆ. ಆದ್ದರಿಂದಲೇ ಹೊರಬಿಡುವ ಉಸಿರು ಉದ್ದವಿರಲಿ ಎನ್ನುವುದು. 4 ಎಣಿಸುವಷ್ಟು ಒಳಗೆ, 6 ಎಣಿಸುವಷ್ಟು ಹೊರಗೆ. ಅಲ್ಲಿಗೆ ನಿಮಿಷಕ್ಕೆ ಸುಮಾರು 6 ಉಸಿರು.

ತುರ್ತಿಗೆ ಇನ್ನೊಂದು ಉಪಾಯ: ಮೂಗಿನಿಂದ ಪೂರ್ತಿ ಎಳೆದುಕೊಂಡು, ಅದರ ಮೇಲೆ ಇನ್ನೊಂದು ಚಿಕ್ಕ ಉಸಿರು ಎಳೆದು, ಬಾಯಿಯಿಂದ ದೀರ್ಘವಾಗಿ ಬಿಡುವುದು. ದಿನಕ್ಕೆ 5 ನಿಮಿಷದಂತೆ ಒಂದು ತಿಂಗಳು ಹೀಗೆ ಮಾಡಿದವರ ಮನಃಸ್ಥಿತಿ, ಅಷ್ಟೇ ಹೊತ್ತು ಧ್ಯಾನ ಮಾಡಿದವರದಕ್ಕಿಂತ ಹೆಚ್ಚು ಸುಧಾರಿಸಿತೆಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 2023ರಲ್ಲಿ ವರದಿ ಮಾಡಿತು. ಭ್ರಾಮರಿ ಪ್ರಾಣಾಯಾಮ ಬಲ್ಲವರಿಗೆ ಅದೂ ಸೊಗಸು. ಗುಂಯ್‌ಗುಡುತ್ತಿರುವಷ್ಟು ಹೊತ್ತು ನಿಶ್ವಾಸ ತಾನೇ ಉದ್ದವಾಗುತ್ತದೆ.

ಉಸಿರನ್ನು ಗಮನಿಸಿದರೆ ನನಗೆ ಗಾಬರಿ ಹೆಚ್ಚಾಗುತ್ತದೆ.

ಹಾಗಾದರೆ ಮಾಡಬೇಡಿ. ಪ್ಯಾನಿಕ್ ಆದವರಲ್ಲಿ, ಹಿಂದೆ ಮೈಮೇಲೆ ದೌರ್ಜನ್ಯ ನಡೆದವರಲ್ಲಿ ಇದು ಸಾಮಾನ್ಯ, ನಿಮ್ಮಲ್ಲಿ ಯಾವ ಕೊರತೆಯೂ ಇಲ್ಲ. ಗಮನವನ್ನು ಹೊರಗೆ ತನ್ನಿ. ಕೋಣೆಯನ್ನು ನಿಧಾನವಾಗಿ ಕತ್ತು ತಿರುಗಿಸಿ ನೋಡಿ. ಕಿಟಕಿಯ ಸರಳು, ಕ್ಯಾಲೆಂಡರ್, ನೇತುಹಾಕಿದ ಚೀಲ. ಪಾದ ನೆಲಕ್ಕೆ ತಾಗಿರುವುದನ್ನು, ಬೆನ್ನು ಕುರ್ಚಿಗೆ ಒರಗಿರುವುದನ್ನು ಗಮನಿಸಿ. ಎರಡೂ ಅಂಗೈಗಳಿಂದ ಗೋಡೆಯನ್ನು ಬಲವಾಗಿ ಒತ್ತಿ, ಬಿಡಿ. ಇಷ್ಟು ಸಾಕು. ಗಾಬರಿ ಮರುಕಳಿಸುತ್ತಲೇ ಇದ್ದರೆ ವೈದ್ಯರನ್ನು ಕಾಣಿ.

ಇಬ್ಬರೂ ಸೇರಿ ಮಾಡಬಹುದಾದದ್ದು ಏನಿದೆ?

ನಾನು ಮೊದಲು ಕಲಿಸುವುದು ಬೆನ್ನಿಗೆ ಬೆನ್ನು ಕೊಟ್ಟು ಕೂರುವುದನ್ನು. ಚಾಪೆ ಹಾಸಿ, ಬೇಕಿದ್ದರೆ ದಿಂಬಿನ ಮೇಲೆ, ಸೊಂಟದಿಂದ ಹೆಗಲಿನವರೆಗೆ ಬೆನ್ನುಗಳು ತಾಗುವಂತೆ ಕುಳಿತುಕೊಳ್ಳಿ. ಮುಖ ನೋಡಬೇಕಿಲ್ಲ, ಮಾತು ಬೇಕಿಲ್ಲ. ಮುನಿಸಿಕೊಂಡವರಿಗೆ ಇದೇ ದೊಡ್ಡ ಅನುಕೂಲ. ಮೊದಲ ನಿಮಿಷ ಬರೀ ಮುಜುಗರ. ಆಮೇಲೆ ಹೆಗಲ ಮೂಳೆಗಳ ನಡುವೆ ಬಿಸುಪು ತಿಳಿಯತೊಡಗುತ್ತದೆ. ಒಬ್ಬರ ಉಸಿರು ಬೇಗ, ಇನ್ನೊಬ್ಬರದು ನಿಧಾನ ಎಂಬುದು ಬೆನ್ನಿನ ಮೂಲಕವೇ ಗೊತ್ತಾಗುತ್ತದೆ. ಹೊಂದಿಸಲು ಹೋಗಬೇಡಿ. ಐದು ನಿಮಿಷ ಹಾಗೆಯೇ ಇರಿ. ಕೊನೆಗೆ ಒಬ್ಬೊಬ್ಬರೂ ಒಂದೊಂದು ವಾಕ್ಯ, ತಮ್ಮ ಮೈಯ ಬಗ್ಗೆ ಮಾತ್ರ: ‘ನನ್ನ ದವಡೆ ಸಡಿಲವಾಯಿತು’, ‘ನನಗೆ ಹೊಟ್ಟೆಯಲ್ಲಿ ಇನ್ನೂ ಬಿಗಿ ಇದೆ’. ಬಿಗಿ ಇದೆ ಎಂದವರನ್ನು ‘ಇನ್ನೂ ಏಕೆ?’ ಎಂದು ಕೇಳಬೇಡಿ.

ಸ್ಪರ್ಶ ಹೀಗೆ ಕೆಲಸ ಮಾಡುವುದಕ್ಕೆ ಆಧಾರವಿದೆ. 2006ರಲ್ಲಿ ಜೇಮ್ಸ್ ಕೋನ್ ಮತ್ತು ಸಹೋದ್ಯೋಗಿಗಳು 16 ವಿವಾಹಿತ ಮಹಿಳೆಯರನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ, ಸಣ್ಣ ವಿದ್ಯುತ್ ಆಘಾತ ಬರಬಹುದೆಂಬ ಸೂಚನೆ ಕೊಟ್ಟರು. ಗಂಡನ ಕೈ ಹಿಡಿದಾಗ ಮಿದುಳಿನ ಅಪಾಯದ ಪ್ರತಿಕ್ರಿಯೆ ಗಣನೀಯವಾಗಿ ಇಳಿಯಿತು. ಅಪರಿಚಿತರ ಕೈ ಹಿಡಿದಾಗ ಅಷ್ಟಿಲ್ಲ. ದಾಂಪತ್ಯ ಚೆನ್ನಾಗಿದ್ದಷ್ಟೂ ಪರಿಣಾಮ ಹೆಚ್ಚು. ನಿಧಾನದ ನೇವರಿಕೆಗೆಂದೇ ಚರ್ಮದಲ್ಲಿ ಪ್ರತ್ಯೇಕ ನರತಂತುಗಳಿರುವುದನ್ನು ಸ್ವೀಡನ್ನಿನ ಸಂಶೋಧಕರು ತೋರಿಸಿದ್ದಾರೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗಕ್ಕೆ ಅವು ಚೆನ್ನಾಗಿ ಸ್ಪಂದಿಸುತ್ತವೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಎಂಟು ಎಣಿಸುವಷ್ಟು ಹೊತ್ತಿನಲ್ಲಿ ಕೈ ಸರಿಸಿದರೆ ಆ ವೇಗ ಸಿಗುತ್ತದೆ.

ಇನ್ನೊಬ್ಬರ ಮೈಯಿಂದ ನಮ್ಮ ಮೈ ಸಮಾಧಾನ ಪಡೆಯುವುದು ಹುಟ್ಟಿನಿಂದಲೇ ಬಂದದ್ದು. ಕಡಿಮೆ ತೂಕದ ಶಿಶುವನ್ನು ತಾಯಿಯ ಬರಿಯ ಎದೆಗೆ ಆನಿಸಿ ಮಲಗಿಸುವ ಕಾಂಗರೂ ಆರೈಕೆ ಕೊಲಂಬಿಯಾದ ಬೊಗೊಟಾದಲ್ಲಿ 1970ರ ದಶಕದ ಕೊನೆಯಲ್ಲಿ ಆರಂಭವಾಯಿತು. ನಮ್ಮ ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲೂ ಅದನ್ನು ವ್ಯಾಪಕವಾಗಿ ಜಾರಿಗೆ ತಂದಿದ್ದಾರೆ. ತಾಯಿಯ ಎದೆಯ ಮೇಲೆ ಮಗುವಿನ ಮೈಬಿಸಿ, ಉಸಿರು, ಬಡಿತ ಸ್ಥಿರವಾಗುತ್ತವೆ.

ಮನೆಯಲ್ಲಿ ಅತ್ತೆ, ಮಾವ, ಮಕ್ಕಳು ಇದ್ದಾರೆ. ನಮಗೆ ಏಕಾಂತವೇ ಇಲ್ಲ.

ಇದು ನಿಜವಾದ ತೊಡಕು. ಎರಡು ಕೋಣೆಯ ಮನೆಯಲ್ಲಿ ಸಂಜೆ ಏಳಕ್ಕೆ ಬೆನ್ನಿಗೆ ಬೆನ್ನು ಕೊಟ್ಟು ಕೂರಿ ಎಂದು ನಾನು ಹೇಳಲಾರೆ. ಮಲಗುವ ಮುನ್ನ ಹಾಸಿಗೆಯ ಅಂಚಿನಲ್ಲಿ ಎರಡು ನಿಮಿಷ ಸಾಕು. ಬೆಳಗಿನ ಕಾಫಿಯನ್ನು ಅಕ್ಕಪಕ್ಕ ನಿಂತು, ಭುಜಕ್ಕೆ ಭುಜ ತಾಗಿಸಿ, ಮೊಬೈಲ್ ಬದಿಗಿಟ್ಟು ಕುಡಿಯಿರಿ. ಒಬ್ಬರು ಮನೆಗೆ ಮರಳಿದಾಗ ಇನ್ನೊಬ್ಬರು ಎದ್ದು ಬಂದು ಮುಖ ನೋಡಿ ಮಾತಾಡಿಸಲಿ, ‘ಹಾಲು ತಂದಿರಾ?’ ಆಮೇಲೆ. ಊಟದ ನಂತರ ಬೀದಿಯ ಕೊನೆಯವರೆಗೆ ಒಟ್ಟಿಗೆ ನಡೆದು ಬನ್ನಿ. ಹೆಜ್ಜೆ ಹೊಂದಿಕೊಂಡಂತೆ ಮಾತೂ ಹೊಂದಿಕೊಳ್ಳುತ್ತದೆ, ಯಾರ ಅನುಮತಿಯೂ ಬೇಕಿಲ್ಲ.

ನನಗೆ ಮುಟ್ಟಿಸಿಕೊಳ್ಳುವುದೇ ಇಷ್ಟವಾಗುವುದಿಲ್ಲ.

ಸ್ಪರ್ಶ ಇಲ್ಲದೆಯೂ ಅಭ್ಯಾಸ ನಡೆಯುತ್ತದೆ. ಒಂದೇ ಕೋಣೆಯಲ್ಲಿ ದೂರ ಕುಳಿತು ಇಬ್ಬರೂ ಉದ್ದನೆಯ ಉಸಿರು ಬಿಡಬಹುದು. ಎಷ್ಟು ದೂರ ಎಂಬುದನ್ನು ನೀವೇ ಹೇಳಿ. ಹೇಳಿದಷ್ಟು ದೂರದಲ್ಲಿ ಸಂಗಾತಿ ಬೇಸರಪಡದೆ ಕೂರುವುದೇ ದೊಡ್ಡ ಅಭ್ಯಾಸ. ‘ಬೇಡ’ ಎಂದದ್ದಕ್ಕೆ ಬೆಲೆ ಸಿಕ್ಕ ಮನೆಯಲ್ಲಿ ಮಾತ್ರ ‘ಸರಿ’ ಎಂಬುದು ಮನಸ್ಸಿನಿಂದ ಬರುತ್ತದೆ. ಈ ಅಭ್ಯಾಸಗಳನ್ನು ದೈಹಿಕ ಸಂಬಂಧಕ್ಕೆ ಒಪ್ಪಿಸುವ ದಾರಿಯಾಗಿ ಯಾರೂ ಬಳಸಕೂಡದು.

ಗಂಡ ಅಮೆರಿಕದಲ್ಲಿ, ನಾನು ಮೈಸೂರಿನಲ್ಲಿ. ನಮಗೆ ಏನು ದಾರಿ?

ದನಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 7ರಿಂದ 12 ವರ್ಷದ ಹುಡುಗಿಯರಿಗೆ ಒತ್ತಡದ ಕೆಲಸ ಕೊಟ್ಟು, ಬಳಿಕ ಕೆಲವರಿಗೆ ತಾಯಿಯ ಅಪ್ಪುಗೆ, ಕೆಲವರಿಗೆ ಫೋನಿನಲ್ಲಿ ತಾಯಿಯ ದನಿ ಸಿಗುವಂತೆ ಮಾಡಿದರು. ಎರಡೂ ಗುಂಪಿನಲ್ಲಿ ಆಪ್ತತೆಗೆ ಸಂಬಂಧಿಸಿದ ಆಕ್ಸಿಟೋಸಿನ್ ಎಂಬ ಹಾರ್ಮೋನು ಏರಿತು. ಆಮೇಲಿನ ಅಧ್ಯಯನದಲ್ಲಿ ಬರೀ ಸಂದೇಶ ಟೈಪ್ ಮಾಡಿ ಕಳಿಸಿದಾಗ ಹಾಗಾಗಲಿಲ್ಲ. ಇವು ತಾಯಿ ಮಗಳ ಬಗೆಗಿನ ಅಧ್ಯಯನಗಳು, ದಂಪತಿಗಳ ಬಗೆಗಿನವಲ್ಲ. ಆದರೂ ನನ್ನ ಸಲಹೆ ಸ್ಪಷ್ಟ: ವಾಟ್ಸ್‌ಆ್ಯಪ್ ಸಂದೇಶದಲ್ಲಿ ಜಗಳ ಬಿಡಿಸಲು ಹೋಗಬೇಡಿ, ಕರೆ ಮಾಡಿ. ಅವರಿಗೆ ಬೆಳಗಾದಾಗ ನಿಮಗೆ ರಾತ್ರಿ. ಒಬ್ಬರು ಸದಾ ದಣಿದೇ ಇರುತ್ತೀರಿ ಎಂಬುದನ್ನು ಮರೆಯಬೇಡಿ.

ನನ್ನ ಸಂಗಾತಿ ಇದಕ್ಕೆಲ್ಲ ಒಪ್ಪುವುದಿಲ್ಲ. ಒಬ್ಬಳೇ ಮಾಡಿದರೆ ಉಪಯೋಗವಿದೆಯೇ?

ಇದೆ. ಉದ್ರೇಕ ಒಬ್ಬರಿಂದೊಬ್ಬರಿಗೆ ಹರಡುವ ಹಾಗೆಯೇ ಸಮಾಧಾನವೂ ಸ್ವಲ್ಪ ಮಟ್ಟಿಗೆ ಹರಡುತ್ತದೆ. ಆದರೆ ಮನೆಯನ್ನು ಶಾಂತವಾಗಿಡುವ ಹೊಣೆಯೆಲ್ಲ ನಿಮ್ಮದೇ ಎಂದು ಹೊತ್ತುಕೊಳ್ಳಬೇಡಿ. ನಮ್ಮ ಹೆಣ್ಣುಮಕ್ಕಳು ಆ ಹೊರೆಯನ್ನು ಈಗಾಗಲೇ ಬೇಕಾದಷ್ಟು ಹೊತ್ತಿದ್ದಾರೆ.

ಇದೆಲ್ಲ ವಿಜ್ಞಾನವೇ? ಪಾಲಿವೇಗಲ್ ಸಿದ್ಧಾಂತದ ಹೆಸರು ಎಲ್ಲೆಡೆ ಕೇಳುತ್ತಿದೆ.

ವೇಗಸ್ ನರದ ಬಗ್ಗೆ ಅಮೆರಿಕದ ವಿಜ್ಞಾನಿ ಸ್ಟೀಫನ್ ಪೋರ್ಜಸ್ 1994ರಲ್ಲಿ ಮಂಡಿಸಿದ ಸಿದ್ಧಾಂತ ಅದು. ಸುರಕ್ಷತೆಯ ಭಾವ, ಹೋರಾಟ, ಮರಗಟ್ಟುವಿಕೆ ಎಂಬ ಮೂರು ಸ್ಥಿತಿಗಳನ್ನು ಅದು ವಿವರಿಸುವ ರೀತಿ ಜನರಿಗೆ ತಮ್ಮನ್ನು ಅರ್ಥಮಾಡಿಕೊಳ್ಳಲು ನೆರವಾಗಿದೆ. ಆದರೆ ವೇಗಸ್ ನರದ ರಚನೆ ಮತ್ತು ವಿಕಾಸದ ಬಗ್ಗೆ ಅದು ಹೇಳುವುದನ್ನು ಹಲವು ಶರೀರಶಾಸ್ತ್ರಜ್ಞರು ಒಪ್ಪುವುದಿಲ್ಲ. ಸಿದ್ಧಾಂತ ಬಿದ್ದುಹೋದರೂ ನಿಧಾನ ಉಸಿರು ಕೆಲಸ ಮಾಡುವುದು ನಿಲ್ಲುವುದಿಲ್ಲ.

ಮೊದಲು ಹೇಳಿದ ಪೀಟರ್ ಲೆವೀನ್ ಅವರ ಪದ್ಧತಿಯನ್ನು ಇಸ್ರೇಲಿನಲ್ಲಿ ಆಘಾತದ ನಂತರದ ಒತ್ತಡದಿಂದ ಬಳಲುತ್ತಿದ್ದ 63 ಜನರ ಮೇಲೆ ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಲಕ್ಷಣಗಳು ತಗ್ಗಿದ್ದವು. ಹೋಲಿಕೆ ಮಾತ್ರ ಚಿಕಿತ್ಸೆಗಾಗಿ ಕಾಯುತ್ತಿದ್ದವರ ಜೊತೆ, ಬೇರೆ ಚಿಕಿತ್ಸೆ ಪಡೆದವರ ಜೊತೆ ಅಲ್ಲ. ಆಶಾದಾಯಕ, ಇನ್ನೂ ಹೆಚ್ಚು ಪುರಾವೆ ಬೇಕು ಎನ್ನುವುದು ಪ್ರಾಮಾಣಿಕ ಉತ್ತರ. ಮೈ ಅದುರಿಸಿದರೆ ಎಲ್ಲ ರೋಗ ಹೋಗುತ್ತದೆ, ವೇಗಸ್ ನರವನ್ನು ‘ರೀಸೆಟ್’ ಮಾಡುತ್ತೇವೆ ಎನ್ನುವವರನ್ನು ನಂಬಬೇಡಿ.

ಗಂಡ ಕೈ ಎತ್ತುತ್ತಾರೆ. ನಾನು ಶಾಂತಳಾಗಲು ಕಲಿತರೆ ಸರಿಹೋಗಬಹುದೇ?

ಇಲ್ಲ. ದಯವಿಟ್ಟು ಇದನ್ನು ಗಟ್ಟಿಯಾಗಿ ನೆನಪಿಡಿ. ಹೊಡೆತ, ಬೆದರಿಕೆ, ಹಣ ಮತ್ತು ಓಡಾಟದ ಮೇಲೆ ಕಡಿವಾಣ ಇರುವಲ್ಲಿ ನಿಮ್ಮ ಮೈಯ ಗಾಬರಿ ಸರಿಯಾದ ಎಚ್ಚರಿಕೆ. ಅದನ್ನು ಉಸಿರಾಟದಿಂದ ಅಡಗಿಸಬಾರದು. ಅಂಥ ಜೋಡಿಗಳಿಗೆ ನಾನು ಜಂಟಿ ಅಭ್ಯಾಸ ಹೇಳಿಕೊಡುವುದಿಲ್ಲ. ತಕ್ಷಣದ ಅಪಾಯಕ್ಕೆ 112, ಮಹಿಳಾ ಸಹಾಯವಾಣಿಗೆ 181. ಜಿಲ್ಲೆಯ ಸಖಿ ಕೇಂದ್ರಗಳಲ್ಲಿ ವೈದ್ಯಕೀಯ, ಕಾನೂನು, ಆಶ್ರಯದ ನೆರವು ಒಂದೇ ಕಡೆ ಸಿಗುತ್ತದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ನಿಮಗೆ ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಕೊಡುತ್ತದೆ.

ಹೇಳಿಕೊಡುವವರನ್ನು ಆರಿಸುವುದು ಹೇಗೆ?

‘ಸೊಮ್ಯಾಟಿಕ್ ಕೋಚ್’ ಎಂದು ಫಲಕ ಹಾಕಿಕೊಳ್ಳಲು ನಮ್ಮಲ್ಲಿ ಪರವಾನಗಿ ಬೇಕಿಲ್ಲ. ಆದ್ದರಿಂದ ಕೇಳಿ: ಯಾವ ತರಬೇತಿ, ಎಷ್ಟು ಕಾಲ, ಯಾರ ಮೇಲ್ವಿಚಾರಣೆ? ಕ್ಲಿನಿಕಲ್ ಸೈಕಾಲಜಿಸ್ಟ್ ಎನ್ನುವವರಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳುವುದು ನಿಮ್ಮ ಹಕ್ಕು. ಮುಟ್ಟುವ ಮುನ್ನ ಪ್ರತಿ ಸಲವೂ ಕೇಳುತ್ತಾರೆಯೇ ನೋಡಿ. ಮಾತ್ರೆ ನಿಲ್ಲಿಸಿ ಎಂದವರ ಬಳಿಗೆ ಮತ್ತೆ ಹೋಗಬೇಡಿ. ಹೃದ್ರೋಗ, ಅಪಸ್ಮಾರ ಇರುವವರು, ಗರ್ಭಿಣಿಯರು ವೇಗದ ಉಸಿರಾಟ, ಉಸಿರು ಬಿಗಿಹಿಡಿಯುವಿಕೆ, ತಣ್ಣೀರಿನಲ್ಲಿ ಮುಖ ಮುಳುಗಿಸುವ ಅಭ್ಯಾಸಗಳಿಂದ ದೂರವಿರಲಿ.

ಖರ್ಚು ಭರಿಸಲಾಗದವರು ನಿಮ್ಮ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ವಿಚಾರಿಸಿ. ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಪ್ರತ್ಯೇಕ ಮನೋವೈದ್ಯಕೀಯ ಕೇಂದ್ರವಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.